ಹೊಗೆ ಪೈಪಿಗೂ ವಾಟ ಬೇಕು

"ಹೊಗೆ ಹೋಗುವ ಪೈಪಿಗೆ ವಾಟ ಯಾಕೆ?" ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಬದಲಿಸಲು ಬಂದ ಟೆಕ್ನಿಷಿಯನ್‌ಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ಬಚ್ಚಲಿಗೆ ವಾಟ ಬೇಕು, ತಾರಸಿಗೆ ವಾಟ ಬೇಕು, ನೀರು ಹರಿಯುವ ಕಡೆಯೆಲ್ಲ ಬೇಕು. ಹೊಗೆಗೆ ಯಾಕೆ? ಆತ ನಕ್ಕು, "ಇದು ನೀರಿನ ಪೈಪು ಅಂದ್ಕೊಂಡೇ ಹಾಕಿ. ಹೊಗೆ ಹೆಂಗೋ ಹೋಗತ್ತೆ" ಅಂದ. ಅರ್ಥವಾದವನ ಹಾಗೆ ತಲೆಯಾಡಿಸಿದೆ. ನಿಜವಾಗಿ ಅರ್ಥವಾಗಿದ್ದು ಪೈಪು ಹಾಕಿ ಮೂರು ವಾರ ಬಿಟ್ಟು, ರಾತ್ರಿ ಎರಡೂವರೆಗೆ, ಮನೆ ತಣ್ಣಗಾಗಿ ಎಚ್ಚರವಾದಾಗ.

ನಮ್ಮ ಹಳೆ ಫರ್ನೇಸ್ ಸರಳವಾದ ಯಂತ್ರ. ಗ್ಯಾಸ್ ಉರಿಸುತ್ತಿತ್ತು, ಒಂದಷ್ಟು ಬಿಸಿಯನ್ನು ಮನೆಗೆ ಕೊಡುತ್ತಿತ್ತು, ಉಳಿದದ್ದನ್ನು ತಗಡಿನ ಪೈಪಿನ ಮೂಲಕ ಚಿಮಣಿಗೆ ಬಿಡುತ್ತಿತ್ತು. ಹೊಗೆ ಸಿಕ್ಕಾಪಟ್ಟೆ ಬಿಸಿ ಇರುತ್ತಿದ್ದರಿಂದ ತಾನಾಗಿಯೇ ಮೇಲೇರುತ್ತಿತ್ತು. ಹೊಸದು ಕಂಡೆನ್ಸಿಂಗ್ ಫರ್ನೇಸ್. ಗ್ಯಾಸಿನ ಶಾಖದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಪಾಲನ್ನು ಮನೆಯೊಳಗೇ ಉಳಿಸಿಕೊಳ್ಳುತ್ತದೆ. ಗ್ಯಾಸ್ ಉರಿದರೆ ನೀರಾವಿ ಹುಟ್ಟುತ್ತದೆ ಅಲ್ವಾ, ಆ ಆವಿ ತಣಿದು ನೀರಾಗುವ ತನಕ ಇದು ಬಿಸಿಯನ್ನು ಹಿಂಡಿಕೊಳ್ಳುತ್ತದೆ. ಕೊನೆಗೆ ಹೊರಗೆ ಹೋಗುವ ಹೊಗೆ ಬರೀ 40ರಿಂದ 60 ಡಿಗ್ರಿ. ಹಾಗಾಗಿ ಪಿವಿಸಿ ಪೈಪು ಸಾಕು. ಆದರೆ ಅಷ್ಟು ತಣ್ಣಗಿನ ಹೊಗೆಗೆ ತಾನಾಗಿ ಏರುವ ಶಕ್ತಿ ಇಲ್ಲ, ಒಂದು ಸಣ್ಣ ಫ್ಯಾನ್ ಅದನ್ನು ತಳ್ಳಬೇಕು. ಪೈಪಿನೊಳಗೂ ಉದ್ದಕ್ಕೂ ನೀರು ಕಟ್ಟುತ್ತಲೇ ಇರುತ್ತದೆ. ಚಳಿ ಜೋರಾಗಿರುವ ದಿನ ಒಟ್ಟು ಹಲವು ಲೀಟರ್ ನೀರು ಬರುತ್ತದೆ. ಅದೂ ಹುಳಿ ನೀರು, ಪಿಎಚ್ 3ರಿಂದ 5ರ ನಡುವೆ. ಹಳೆಯ ತಗಡಿನ ಪೈಪಿಗೇ ಜೋಡಿಸಿಬಿಟ್ಟರೆ ಕ್ರಮೇಣ ತುಕ್ಕು ಹಿಡಿದು ತೂತಾಗುತ್ತದೆ.

ಕೆಲಸವನ್ನು ಹೀಗೆ ಹಂಚಿಕೊಂಡೆವು. ಗ್ಯಾಸ್ ಲೈನು, ಕರೆಂಟು, ಮೊದಲ ಸಲ ಉರಿ ಹಚ್ಚಿ ಅಳತೆ ನೋಡುವುದು, ಇವೆಲ್ಲ ಲೈಸೆನ್ಸ್ ಇರುವ ಟೆಕ್ನಿಷಿಯನ್ ಪಾಲು. ಎರಡು ಪೈಪು ನನ್ನ ಪಾಲು: ಒಂದು ಹೊಗೆ ಹೊರಗೆ ಹೋಗಲು, ಇನ್ನೊಂದು ಉರಿಯುವುದಕ್ಕೆ ಬೇಕಾದ ಗಾಳಿ ಒಳಗೆ ಬರಲು. ಪರ್ಮಿಟ್ ತೆಗೆಸಿಯೇ ಶುರು ಮಾಡಿದ್ದು. ಇದರಲ್ಲಿ ತಪ್ಪಾದರೆ ಮನೆಯೊಳಗೆ ತುಂಬಿಕೊಳ್ಳುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಗಾಳಿಗೆ ಬೇರೆ ಪೈಪು ಯಾಕೆ, ನೆಲಮಾಳಿಗೆಯಲ್ಲೇ ಬೇಕಾದಷ್ಟು ಗಾಳಿ ಇಲ್ವಾ ಅಂತ ನನಗೂ ಅನಿಸಿತ್ತು. ಒಂದು ಘನ ಅಡಿ ಗ್ಯಾಸ್ ಉರಿಯಲು ಸುಮಾರು 10 ಘನ ಅಡಿ ಗಾಳಿ ಬೇಕು. ಹಳೆ ಫರ್ನೇಸ್ ಅಷ್ಟನ್ನೂ ಮನೆಯೊಳಗಿಂದಲೇ ಎಳೆದುಕೊಳ್ಳುತ್ತಿತ್ತು. ಹೋದಷ್ಟು ಗಾಳಿ ಎಲ್ಲಿಂದಾದರೂ ಬರಲೇಬೇಕಲ್ಲ, ಕಿಟಕಿ ಬಾಗಿಲುಗಳ ಸಂದಿಯಿಂದ ಹೊರಗಿನ ಚಳಿಯೇ ಬರುತ್ತಿತ್ತು. ಕಾಸಿದ ಗಾಳಿಯನ್ನು ಉರಿಸಿ, ಬದಲಿಗೆ ತಣ್ಣನೆಯ ಗಾಳಿಯನ್ನು ಕರೆದುಕೊಂಡ ಹಾಗೆ. ಇನ್ನೊಂದು ಕಾರಣ ನನಗೆ ಹೊಳೆದೇ ಇರಲಿಲ್ಲ. ಬಟ್ಟೆ ಒಗೆಯುವ ಮಷಿನ್ ಅಲ್ಲೇ ಪಕ್ಕದಲ್ಲಿದೆ. ಬ್ಲೀಚಿನ ಆವಿಯಲ್ಲಿರುವ ಕ್ಲೋರಿನ್ ಉರಿಯೊಳಗೆ ಹೊಕ್ಕರೆ ಆಮ್ಲವಾಗಿ, ಉರಿಯ ಬಿಸಿಯನ್ನು ಮನೆಯ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರನ್ನೇ ತಿನ್ನುತ್ತದೆ.

ದಾರಿ ಹುಡುಕುವುದಕ್ಕೇ ಎರಡು ಸಂಜೆ ಹೋಯಿತು. ಫರ್ನೇಸಿನಿಂದ ಹತ್ತಿರದ ಹೊರಗೋಡೆಗೆ 9 ಅಡಿ. ಆದರೆ ಅಲ್ಲಿ ಒಂದು ಕಿಟಕಿ, ಕೆಳಗೆ ಗ್ಯಾಸ್ ಮೀಟರು, ಮುಂದೆ ನಾವು ದಿನಾ ಓಡಾಡುವ ದಾರಿ. ಹೊಗೆಯ ಬಾಯಿಂದ ಹನಿಯುವ ನೀರು ಆ ದಾರಿಯಲ್ಲಿ ಹೆಪ್ಪುಗಟ್ಟಿದರೆ ಮೊದಲು ಜಾರಿ ಬೀಳುವವನು ನಾನೇ. ಹಿಂಬದಿಯ ಗೋಡೆ 20 ಅಡಿ ದೂರ, ಆದರೆ ಖಾಲಿ ಗೋಡೆ. ಅದನ್ನೇ ಆರಿಸಿದೆ.

ಅಲ್ಲಿ ಇನ್ನೊಂದು ತಕರಾರು. ಪೈಪು ಗೋಡೆ ದಾಟಬಹುದಾದ ಜಾಗ ಹೊರಗಿನ ನೆಲದಿಂದ 20 ಇಂಚು ಎತ್ತರದಲ್ಲಿತ್ತು. ಹಿಮ ಎಷ್ಟು ಎತ್ತರಕ್ಕೆ ಬೀಳಬಹುದೋ ಅದಕ್ಕಿಂತ ಕನಿಷ್ಠ 12 ಇಂಚು ಮೇಲೆ ಎರಡೂ ಪೈಪಿನ ಬಾಯಿ ಇರಬೇಕು ಅಂತ ಕೈಪಿಡಿ ಹೇಳುತ್ತದೆ. ಹಿಂದಿನ ಚಳಿಗಾಲದ ಫೋಟೋಗಳನ್ನೆಲ್ಲ ಹುಡುಕಿದೆ. ಒಂದರಲ್ಲಿ ಮಗಳು ಅದೇ ಗೋಡೆಗೆ ಒರಗಿ ನಿಂತಿದ್ದಾಳೆ, ಹಿಮ ಅವಳ ಸೊಂಟದ ತನಕ ಇದೆ. ಅವಳ ಕೋಟಿನ ಗುಂಡಿ ಲೆಕ್ಕ ಹಾಕಿ ಅಳೆದೆ. ಸುಮಾರು 30 ಇಂಚು. ಅಂದರೆ ಬಾಯಿ 42 ಇಂಚು ಮೇಲಿರಬೇಕು. ಪೈಪು ಗೋಡೆ ದಾಟಿದ ಮೇಲೆ ಎಲ್ಬೋ (ಪೈಪನ್ನು ತಿರುಗಿಸುವ ಬಾಗಿದ ತುಂಡು) ಹಾಕಿ ಎರಡಡಿ ಮೇಲೆತ್ತಿ, ಮತ್ತೆ ಎಲ್ಬೋ ಹಾಕಿ ಹೊರಕ್ಕೆ ತಿರುಗಿಸಬೇಕಾಯಿತು. ಚಳಿಗೆ ಮೈಯೊಡ್ಡಿರುವ ಆ ಎರಡಡಿ ಹೊಗೆ ಪೈಪಿಗೆ ಇನ್ಸುಲೇಷನ್ ಹೊದಿಸಿದೆ, ಒಳಗೆ ಮಂಜುಗಡ್ಡೆ ಕಟ್ಟದಿರಲಿ ಅಂತ.

ಎಲ್ಬೋ ಸೇರಿಸುವುದೂ ಪುಕ್ಕಟೆ ಅಲ್ಲ. ಆ ಸಣ್ಣ ಫ್ಯಾನಿಗೆ ತಳ್ಳುವ ಶಕ್ತಿ ಇಷ್ಟೇ ಅಂತ ಇರುತ್ತದೆ. ತಿರುವು ಬಂದಲ್ಲೆಲ್ಲ ಹೊಗೆ ತಡವರಿಸುತ್ತದೆ. ನನ್ನ ಮಾಡೆಲಿನ ಕೈಪಿಡಿಯಲ್ಲಿ ಒಂದು 90 ಡಿಗ್ರಿ ಎಲ್ಬೋ ಅಂದರೆ 5 ಅಡಿ ನೆಟ್ಟನೆ ಪೈಪಿಗೆ ಸಮ, 45 ಡಿಗ್ರಿಯದು ಅದರ ಅರ್ಧ. 2 ಇಂಚಿನ ಪೈಪಾದರೆ ಒಟ್ಟು ಲೆಕ್ಕ 50 ಅಡಿ ಮೀರಬಾರದು. ನನ್ನದು ಅಡ್ಡಕ್ಕೆ 20, ಫರ್ನೇಸಿನ ಮೇಲೆ ನೆಟ್ಟಗೆ 3, ಹೊರಗೆ 2, ಒಟ್ಟು 25 ಅಡಿ. ಮೂರು 90ರ ಎಲ್ಬೋಗೆ 15. ಎರಡು 45ಕ್ಕೆ 5. ಒಟ್ಟು 45. ನೋಡೋಕೆ ಚೆನ್ನಾಗಿರಲಿ ಅಂತ ಗೋಡೆಯಂಚಿಗೆ ತಿರುಗಿಸಿ ಒಯ್ಯುವ ಆಸೆ ಇತ್ತು. ಅದಕ್ಕೆ ಇನ್ನೆರಡು ಎಲ್ಬೋ ಬೇಕು, ಲೆಕ್ಕ 55ಕ್ಕೆ ಹೋಗುತ್ತದೆ. ಆಸೆ ಬಿಟ್ಟೆ. (ನಿಮ್ಮ ಫರ್ನೇಸಿನ ಕೋಷ್ಟಕ ಬೇರೆಯೇ ಇರುತ್ತದೆ. ನನ್ನ ಅಂಕಿ ಹಿಡಿದು ಪೈಪು ಕತ್ತರಿಸಬೇಡಿ.)

ಈಗ ವಾಟದ ವಿಷಯ. ಅಡಿಗೆ ಕಾಲು ಇಂಚು, ಫರ್ನೇಸಿನ ಕಡೆಗೆ ಇಳಿಜಾರು. ಹೊರಗಡೆಗಲ್ಲ, ಒಳಗಡೆಗೆ. ಹೊರಗಡೆಗೆ ಕೊಟ್ಟರೆ ನೀರು ಪೈಪಿನ ಬಾಯಲ್ಲಿ ಹೆಪ್ಪುಗಟ್ಟಿ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಒಳಗಡೆಗೆ ಬಂದರೆ ಫರ್ನೇಸಿನ ಟ್ರ್ಯಾಪಿಗೆ (ನೀರು ನಿಲ್ಲಿಸಿಕೊಂಡು ಹೊಗೆಯನ್ನು ತಡೆಯುವ ಭಾಗ) ಬಿದ್ದು, ಅಲ್ಲಿಂದ ಸುಣ್ಣಕಲ್ಲಿನ ಚೂರು ತುಂಬಿದ ಕೊಳವೆ ದಾಟಿ, ಹುಳಿ ಕಳೆದುಕೊಂಡು ಡ್ರೇನಿಗೆ ಹೋಗುತ್ತದೆ. 20 ಅಡಿಗೆ 5 ಇಂಚು ಇಳಿತ. ಕೇಳೋಕೆ ಎಷ್ಟು ಸಣ್ಣದು! ನೆಲಮಾಳಿಗೆಯ ಸೂರಿನಲ್ಲಿ ದಾರ ಎಳೆದು ನೋಡಿ, ಆಗ ಗೊತ್ತಾಗುತ್ತದೆ. ನನ್ನ ದಾರ ಗೋಡೆಯಿಂದ 6 ಅಡಿ ಬರುವಷ್ಟರಲ್ಲಿ ಅಡ್ಡಕ್ಕಿದ್ದ, ಮನೆಯ ಬಿಸಿ ಗಾಳಿ ಓಡಾಡುವ ಡಕ್ಟಿನ ಎದೆಗೇ ಹೋಗಿ ತಗುಲಿತು. ಡಕ್ಟ್ 8 ಇಂಚು ದಪ್ಪ. ಅದರ ಮೇಲೆ ಜಾಗ ಇಲ್ಲ, ಕೆಳಗೆ ನುಸುಳಬೇಕು. ಗೋಡೆ ಕಡೆಯಿಂದ ಬರುವ ಪೈಪನ್ನು ಎರಡು 45ರ ಎಲ್ಬೋ ಹಾಕಿ ಕೆಳಗಿಳಿಸಿ, ಡಕ್ಟಿನ ಅಡಿಯಿಂದ ಮುಂದುವರಿಸಿದೆ. ಫರ್ನೇಸಿನ ಕಡೆಗೆ ಎಷ್ಟು ಇಳಿದರೂ ಪರವಾಗಿಲ್ಲ. ಒಂದ್ಸಲ ಇಳಿದದ್ದು ಮತ್ತೆ ಏರುವ ಹಾಗಿಲ್ಲ, ಅಷ್ಟೇ.

ಮಾಮೂಲಿ ರಸಮಟ್ಟದಲ್ಲಿ ಕಾಲು ಇಂಚಿನ ವಾಟ ನೋಡುವುದು ಕಷ್ಟ. ಎರಡಡಿ ಉದ್ದದ ರಸಮಟ್ಟದ ಒಂದು ತುದಿಗೆ ಅರ್ಧ ಇಂಚು ದಪ್ಪದ ಮರದ ಚೂರನ್ನು ಟೇಪಿನಿಂದ ಅಂಟಿಸಿಕೊಂಡೆ. ಆ ತುದಿಯನ್ನು ಇಳಿಜಾರಿನ ಕಡೆಗೆ ಹಿಡಿದು ಪೈಪಿನ ಮೇಲಿಟ್ಟಾಗ ಗುಳ್ಳೆ ನಡುವೆ ನಿಂತರೆ ವಾಟ ಸರಿ. ಇದು ಟೆಕ್ನಿಷಿಯನ್ ಹೇಳಿಕೊಟ್ಟ ಉಪಾಯ.

ತೂತು ಕೊರೆಯುವುದರಲ್ಲಿ ಮರ್ಯಾದೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. 2 ಇಂಚಿನ ಪೈಪು ಅಂತ 2 ಇಂಚಿನ ಹೋಲ್ ಸಾ ಹಿಡಿದು ನಿಂತಿದ್ದೆ. 2 ಇಂಚು ಅನ್ನುವುದು ಹೆಸರು ಮಾತ್ರ, ಪೈಪಿನ ಹೊರಮೈ 2 ಮತ್ತು 3/8 ಇಂಚು. ಪುಣ್ಯಕ್ಕೆ ಮೊದಲು ರದ್ದಿ ಹಲಗೆಯ ಮೇಲೆ ಕೊರೆದು ನೋಡಿದ್ದೆ. ಆಮೇಲೆ ಎರಡೂವರೆ ಇಂಚಿನದರಲ್ಲಿ, ಒಳಗಿನಿಂದ ಸಣ್ಣ ತೂತು ಮಾಡಿ ಗುರುತು ಹಿಡಿದು, ಪೂರ್ತಿ ಕೊರೆತವನ್ನು ಹೊರಗಿನಿಂದ ಮಾಡಿದೆ. ಹಾಗಾಗಿ ಹೊರಗೋಡೆಯ ಅಂಚು ಕಿತ್ತುಬರಲಿಲ್ಲ.

ಪೈಪು ಕತ್ತರಿಸುವುದು ಸುಲಭ. ಚೊಕ್ಕ ಮಾಡುವುದು ಬೇಜಾರಿನ ಕೆಲಸ. ಕತ್ತರಿಸಿದ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಸುರುಳಿ ಸಿಪ್ಪೆ ಉಳಿದಿರುತ್ತದೆ. ಅದು ಪೈಪಿನೊಳಗೆ ಬಿದ್ದರೆ ಎಂದೋ ಒಂದು ದಿನ ಜಾರಿಕೊಂಡು ಫ್ಯಾನಿಗೋ ಟ್ರ್ಯಾಪಿಗೋ ಹೋಗಿ ಕೂರುತ್ತದೆ. ಪ್ರತಿ ತುದಿಯನ್ನೂ ಚಾಕುವಿನಿಂದ ಕೆರೆದು, ಬಟ್ಟೆಯಿಂದ ಒರೆಸಿ, ಕಣ್ಣಿಗೆ ಹಿಡಿದು ದೂರದರ್ಶಕದಲ್ಲಿ ನೋಡುವ ಹಾಗೆ ನೋಡಿದೆ. ಮನೆಯವರು ನಕ್ಕರು.

ಆಮೇಲೆ ಅಂಟು ಹಾಕದೆ ಸುಮ್ನೆ ಜೋಡಿಸಿ ನೋಡಿದೆ. ಎಲ್ಲ ಸರಿಯಾಗಿ ಕೂತಿತು. ಖುಷಿಯಾಯಿತು. ನಾನು ಮೋಸ ಹೋಗಿದ್ದು ಇಲ್ಲೇ. ಎಲ್ಬೋದ ಬಾಯಿ ಒಳಗೊಳಗೆ ಕಿರಿದಾಗುತ್ತಾ ಹೋಗುತ್ತದೆ. ಒಣ ಪೈಪು ಅರ್ಧ ದಾರಿಗೇ ಬಿಗಿಯಾಗಿ ನಿಂತುಬಿಡುತ್ತದೆ. ಸಲ್ಯೂಷನ್, ಅಂದರೆ ಪಿವಿಸಿ ಅಂಟು, ಹಚ್ಚಿದಾಗ ಪ್ಲಾಸ್ಟಿಕ್ ಮೆತ್ತಗಾಗಿ ಪೈಪು ತಳದ ತನಕ ಜಾರುತ್ತದೆ. ಒಣಗಿದ್ದಾಗ ಅಳೆದು ಕತ್ತರಿಸಿದ್ದೆನಲ್ಲ, ಅಂಟಿಸುತ್ತಾ ಹೋದ ಹಾಗೆ ಪ್ರತಿ ಜೋಡಣೆಯಲ್ಲೂ ಅರ್ಧ ಇಂಚು ಮಾಯ. ಮೂರನೇ ಜೋಡಣೆಗೆ ಬರುವಷ್ಟರಲ್ಲಿ ನನ್ನ ಪೈಪು ಗೋಡೆಯ ತೂತಿಗಿಂತ ಒಂದೂವರೆ ಇಂಚು ಹಿಂದೆ ನಿಂತಿತ್ತು. ಅಂಟಿಸಿದ್ದನ್ನು ಬಿಡಿಸಲು ಬರುವುದಿಲ್ಲ. ಕತ್ತರಿಸಿ, ಹೊಸ ಎಲ್ಬೋ ತಂದು, ಮತ್ತೆ ಮಾಡಿದೆ. ಎರಡನೇ ಸಲ ಎಲ್ಬೋದ ಬಾಯಿಯ ಆಳ ಅಳೆದು, ಪೈಪಿನ ಮೇಲೆ ಅಷ್ಟಕ್ಕೆ ಗೆರೆ ಹಾಕಿಕೊಂಡೆ. ಎಲ್ಬೋ ಯಾವ ಕಡೆಗೆ ತಿರುಗಿರಬೇಕು ಅನ್ನುವುದಕ್ಕೂ ಎರಡರ ಮೇಲೂ ಒಂದೇ ಪೆನ್ಸಿಲ್ ಗೆರೆ. ಅಂಟು ಹಚ್ಚಿದ ಮೇಲೆ ಯೋಚಿಸಲು ಟೈಮ್ ಸಿಗುವುದಿಲ್ಲ.

ಅಂಟಿಸುವಾಗ ಮೊದಲು ನೇರಳೆ ಬಣ್ಣದ ಪ್ರೈಮರ್, ಪೈಪಿನ ಹೊರಮೈಗೂ ಎಲ್ಬೋದ ಒಳಮೈಗೂ. ಆಮೇಲೆ ಸಲ್ಯೂಷನ್, ಅದೂ ಎರಡಕ್ಕೂ. ಕಾಲು ಸುತ್ತು ತಿರುಗಿಸುತ್ತಾ ತಳದ ತನಕ ತಳ್ಳಬೇಕು. ತಳ್ಳಿ ಅರ್ಧ ನಿಮಿಷ ಬಿಗಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಪೈಪು ತಾನಾಗಿ ಹಿಂದಕ್ಕೆ ಸರಿಯುತ್ತದೆ. ತಲೆಯ ಮೇಲೆ ಕೈ ಎತ್ತಿ ಹಿಡಿದಾಗ ಅರ್ಧ ನಿಮಿಷ ತುಂಬಾ ದೊಡ್ಡದು. ಜೋಡಣೆಯ ಸುತ್ತ ಸಲ್ಯೂಷನ್ ಸಣ್ಣ ಉಂಗುರದ ಹಾಗೆ ಉಬ್ಬಿ ಬಂದರೆ ಒಳಗೆಲ್ಲ ಹರಡಿದೆ ಅಂತ ಅರ್ಥ. ಪ್ರೈಮರ್ ಮತ್ತು ಸಲ್ಯೂಷನ್ ಎರಡರ ಆವಿಗೂ ಬೆಂಕಿ ಹತ್ತುತ್ತದೆ. ಪಕ್ಕದಲ್ಲೇ ಇದ್ದ ವಾಟರ್ ಹೀಟರಿನೊಳಗೆ ಸದಾ ಹೊತ್ತಿರುವ ಪುಟ್ಟ ಪೈಲಟ್ ಉರಿಯನ್ನು ಟೆಕ್ನಿಷಿಯನ್ ಹಿಂದಿನ ದಿನವೇ ಆರಿಸಿಹೋಗಿದ್ದ. ನನಗೆ ಅದು ಹೊಳೆದೇ ಇರಲಿಲ್ಲ. ಕಿಟಕಿ ತೆರೆದು, ಫ್ಯಾನ್ ಹಾಕಿಕೊಂಡು ಕೆಲಸ ಮಾಡಿದೆ. ನೆಲದ ಮೇಲೆ ಬಿದ್ದ ನೇರಳೆ ಹನಿಗಳು ಈಗಲೂ ಹಾಗೇ ಇವೆ.

ಅದೇ ವಾಟರ್ ಹೀಟರಿನ ಬಗ್ಗೆ ಇನ್ನೊಂದು ಮಾತು. ಅದೂ ಹಳೆ ಫರ್ನೇಸೂ ಒಂದೇ ಚಿಮಣಿಗೆ ಹೊಗೆ ಬಿಡುತ್ತಿದ್ದವು. ಫರ್ನೇಸ್ ಪಿವಿಸಿಗೆ ಹೋದ ಮೇಲೆ ಅಷ್ಟು ದೊಡ್ಡ ಚಿಮಣಿಯಲ್ಲಿ ಪುಟ್ಟ ಹೀಟರ್ ಒಂಟಿಯಾಯಿತು. ಅದರ ಅಲ್ಪ ಹೊಗೆ ಆ ಅಗಲದ ಗೂಡನ್ನು ಬಿಸಿ ಮಾಡಲಾರದು. ಅಲ್ಲೇ ತಣಿದು ನೀರಾಗಿ ಇಟ್ಟಿಗೆಯನ್ನು ತಿನ್ನುತ್ತದೆ, ಕೆಲವೊಮ್ಮೆ ತಿರುಗಿ ಮನೆಯೊಳಗೇ ಬರುತ್ತದೆ. ಚಿಮಣಿಯೊಳಗೆ ಸಣ್ಣ ಲೋಹದ ಲೈನರ್ (ಒಳಕೊಳವೆ) ಹಾಕಿಸಬೇಕಾಯಿತು. ಫರ್ನೇಸ್ ಬದಲಿಸುವವರು ಇದನ್ನು ಮರೆಯಬಾರದು. ಪೈಪು ಎಷ್ಟೇ ಚೆನ್ನಾಗಿ ಹಾಕಿದರೂ ಅಪಾಯ ಪಕ್ಕದ ಯಂತ್ರದಿಂದ ಬರಬಹುದು. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿದ್ದೂ ಆಗಲೇ.

ಹೊರಗಿನ ಎರಡು ಬಾಯಿ ಒಂದೇ ಗೋಡೆಯ ಮೇಲೆ ಇರಬೇಕು. ಒಂದು ಈ ಕಡೆ, ಒಂದು ಆ ಕಡೆ ಹಾಕಿದರೆ ಜೋರು ಗಾಳಿ ಬೀಸಿದಾಗ ಒಂದರ ಮೇಲೆ ಒತ್ತಡ, ಇನ್ನೊಂದರ ಮೇಲೆ ಎಳೆತ. ಉರಿ ಗಲಿಬಿಲಿಯಾಗುತ್ತದೆ. ಒಂದೇ ಗೋಡೆಯಾದರೆ ಎರಡಕ್ಕೂ ಒಂದೇ ಗಾಳಿ. ಹಾಗಂತ ಹೊಗೆಯನ್ನೇ ಮತ್ತೆ ಒಳಗೆಳೆದುಕೊಳ್ಳುವಷ್ಟು ಅಂಟಿಕೊಂಡೂ ಇರಬಾರದು. ಗಾಳಿ ಪೈಪಿನ ಬಾಯಿ ಕೆಳಮುಖ, ಮಳೆ ಬೀಳದ ಹಾಗೆ. ಹೊಗೆಯದು ನೇರ ಹೊರಮುಖ ಮತ್ತು ಗಾಳಿಯದಕ್ಕಿಂತ ಎತ್ತರದಲ್ಲಿ.

ಅಂಟು ಪೂರ್ತಿ ಒಣಗಿದ ಮೇಲೆ ಟೆಕ್ನಿಷಿಯನ್ ಬಂದ. ಟ್ರ್ಯಾಪಿಗೆ ನೀರು ಸುರಿದು ತುಂಬಿಸಿದ, ಖಾಲಿ ಟ್ರ್ಯಾಪಿನಿಂದ ಹೊಗೆ ನುಸುಳಬಾರದಲ್ಲ. ಸ್ವಿಚ್ ಹಾಕಿದ. ಮೊದಲು ಫ್ಯಾನಿನ ಗುಂಯ್ ಸದ್ದು, ಆಮೇಲೆ ಟಿಕ್, ಆಮೇಲೆ ಭುಗ್ ಅಂತ ನೀಲಿ ಉರಿ. ಹೊರಗೆ ಓಡಿ ನೋಡಿದೆ. ಬಿಳಿ ಹಬೆ ನೆಟ್ಟಗೆ ಗೋಡೆಯಿಂದ ದೂರ ಹೋಗುತ್ತಿತ್ತು. ಇನ್ಸ್‌ಪೆಕ್ಟರ್ ಬಂದವರು ಹೊರಗಿನ ಎತ್ತರ ಅಳೆದರು, ಜೋಡಣೆಗಳಲ್ಲಿ ನೇರಳೆ ಬಣ್ಣ ಇಣುಕುತ್ತಿದೆಯಾ ನೋಡಿದರು, ಪೈಪಿನ ಮೇಲೆ ರಸಮಟ್ಟ ಇಟ್ಟರು, ಸಹಿ ಹಾಕಿದರು.

ಅದಾಗಿ ಮೂರು ವಾರಕ್ಕೆ ಆ ರಾತ್ರಿ. ಕೆಳಗೆ ಹೋದರೆ ಫರ್ನೇಸಿನ ದೀಪ ಮಿಣುಕುತ್ತಿತ್ತು. ಬಾಗಿಲ ಮೇಲಿನ ಪಟ್ಟಿಯಲ್ಲಿ ಆ ಮಿಣುಕಿಗೆ ಅರ್ಥ: ಪ್ರೆಷರ್ ಸ್ವಿಚ್. ಪೈಪಿನಲ್ಲಿ ಗಾಳಿ ಸರಿಯಾಗಿ ಹರಿಯುತ್ತಿಲ್ಲ ಅಂದರೆ ಆ ಸ್ವಿಚ್ ಉರಿ ಹಚ್ಚಲು ಬಿಡುವುದಿಲ್ಲ. ಹೊರಗೆ ಟಾರ್ಚ್ ಹಿಡಿದು ನೋಡಿದೆ, ಎರಡೂ ಬಾಯಿ ಖಾಲಿ. ಒಳಗೆ ಬಂದಾಗ ಫರ್ನೇಸ್ ಮತ್ತೊಮ್ಮೆ ಪ್ರಯತ್ನಿಸಿತು. ಫ್ಯಾನ್ ತಿರುಗಿತು, ಜೊತೆಗೆ ತಲೆಯ ಮೇಲೆ ಗುಳುಗುಳು ಸದ್ದು. ಡಕ್ಟಿನ ಹತ್ತಿರ.

ರಸಮಟ್ಟ ತಂದು ಪೈಪಿಗೆ ಹಿಡಿದೆ. ಗುಳ್ಳೆ ತಪ್ಪು ಕಡೆಗೆ ಓಡಿತು. ನಾಲ್ಕಡಿಗೊಂದು ಹ್ಯಾಂಗರ್ ಹಾಕಿದ್ದೆ, ಒಂದು ಜಾಗ ಬಿಟ್ಟು. ಡಕ್ಟ್ ಅಡ್ಡ ಇದ್ದಲ್ಲಿ ಮೊಳೆ ಹೊಡೆಯಲು ಮರ ಸಿಗದೆ, ಆರೂವರೆ ಅಡಿ ಬಿಟ್ಟಿದ್ದೆ. ಗಟ್ಟಿ ಪೈಪು, ಏನಾಗುತ್ತೆ ಅಂತ. ಹಾಕಿದ ದಿನ ನೆಟ್ಟಗೇ ಇತ್ತು, ಇನ್ಸ್‌ಪೆಕ್ಟರ್ ನೋಡಿದಾಗಲೂ ಇತ್ತು. ಮೂರು ವಾರ ಬಿಸಿ ಹೊಗೆ ಹಾಯ್ದ ಮೇಲೆ ಪ್ಲಾಸ್ಟಿಕ್ ಮೆತ್ತಗಾಗಿ ನಡುವೆ ಹೊಟ್ಟೆ ಬಿಟ್ಟಿತ್ತು. ಹೆಚ್ಚೇನಿಲ್ಲ, ಮುಕ್ಕಾಲು ಇಂಚು. ಆ ತಗ್ಗಿನಲ್ಲಿ ನೀರು ನಿಂತಿತ್ತು. ನೀರು ನಿಂತಷ್ಟೂ ಭಾರ, ಭಾರವಾದಷ್ಟೂ ತಗ್ಗು. ಹೊಗೆ ಆ ನೀರನ್ನು ನೂಕಿಕೊಂಡು ಹೋಗಬೇಕಿತ್ತು. ಕೊನೆಗೆ ಫ್ಯಾನಿಗೆ ಸಾಧ್ಯವಾಗಲಿಲ್ಲ.

ಫರ್ನೇಸ್ ಆಫ್ ಮಾಡಿ, ಎರಡೂ ಅಂಗೈ ಕೊಟ್ಟು ಪೈಪನ್ನು ಮೆಲ್ಲಗೆ ಮೇಲೆತ್ತಿದೆ. ಒಳಗೆ ನೀರು ಸರ್ರನೆ ಓಡಿದ್ದು ಕೈಗೇ ಗೊತ್ತಾಯಿತು. ಮರುಕ್ಷಣ ಫರ್ನೇಸಿನ ಹತ್ತಿರ ಗುಳಕ್ ಅಂತು, ಡ್ರೇನಿನಲ್ಲಿ ನೀರು ಸುರಿಯಿತು. ಬೆಳಗಿನ ತನಕ ಇರಲಿ ಅಂತ ಕೆಳಗಿನಿಂದ ಒಂದು ಕೋಲು ಕೊಟ್ಟು ನಿಲ್ಲಿಸಿದೆ. ಸ್ವಿಚ್ ಹಾಕಿದೆ. ಟಿಕ್, ಭುಗ್. ಮನೆಗೆಲ್ಲ ಬಿಸಿ ಬರಲು ಒಂದು ಗಂಟೆ ಹಿಡಿಯಿತು, ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ.

ಬೆಳಿಗ್ಗೆ ಟೆಕ್ನಿಷಿಯನ್‌ಗೆ ಫೋನ್ ಮಾಡಿ ಹೇಳಿದೆ. ಆತ "ನೀರಿನ ಪೈಪು ಅಂದಿದ್ನಲ್ಲ" ಅಂತ ಅನ್ನಲಿಲ್ಲ, ಅದು ಆತನ ದೊಡ್ಡತನ. ಡಕ್ಟಿನ ಎರಡೂ ಬದಿಯ ತೊಲೆಗಳಿಗೆ ಅಡ್ಡಪಟ್ಟಿ ಹೊಡೆದು, ಅದರಿಂದ ಹ್ಯಾಂಗರ್ ಇಳಿಸಲು ಹೇಳಿದ. ಹ್ಯಾಂಗರನ್ನು ಬಿಗಿಯಾಗಿ ಕಚ್ಚಿಸಬೇಡಿ, ಪೈಪು ಬಿಸಿಗೆ ಹಿಗ್ಗುತ್ತದೆ, ಜಾರಲು ಬಿಡಿ ಅಂತಲೂ ಹೇಳಿದ. ಹಾಗೇ ಮಾಡಿದೆ. ಪೈಪಿನ ಪಕ್ಕದ ತೊಲೆಯ ಮೇಲೆ, ಪೈಪಿನ ತಳ ಎಲ್ಲಿದೆಯೋ ಅಷ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದಿಟ್ಟೆ. ಚಳಿಗಾಲ ಶುರುವಾಗುವ ಮುಂಚೆ ಒಮ್ಮೆ ಟಾರ್ಚ್ ಹಿಡಿದು ನೋಡುತ್ತೇನೆ. ಇಷ್ಟು ದಿನ ಪೈಪು ಗೆರೆ ಬಿಟ್ಟು ಇಳಿದಿಲ್ಲ.